ಬಿಸಿಲಿಗೆ ಹಿಡಿದು ನೋಡಬೇಕಾದ ಮೀನು

ಉಪ್ಪಳ ಪೇಟೆಯ ದೊಡ್ಡ ಸೀರೆಯಂಗಡಿಗೆ ಹೋದರೆ ಎಡಗಡೆಯ ಬಿಳಿ ಹಾಸಿನ ಮೇಲೆ ಕಾಲು ಮಡಚಿ ಕೂತಿರುವವನೇ ಪುರುಷೋತ್ತಮ. ಮೀಸೆ ಮೂಡುವ ಕಾಲಕ್ಕೆ ಬಂದು ಕೂತವನು; ಈಗ ಮೀಸೆ ನರೆತಿದೆ, ಕೂತ ಜಾಗ ಮಾತ್ರ ಅದೇ. ಅವನ ಕಸುಬಿನ ಮೊದಲ ಪಾಠ ಒಂದೇ: ಗಿರಾಕಿಗೆ "ಇಲ್ಲ" ಎನ್ನಬಾರದು. ಗಿಳಿಹಸಿರಿಗೆ ಕೆಂಪು ಅಂಚು ಕೇಳಿದರಾ? "ಉಂಟು ಅಕ್ಕ, ಕೂತ್ಕೊಳ್ಳಿ" ಎಂದು ಪಾಚಿಹಸಿರಿಗೆ ಮರೂನ್ ಅಂಚಿನದ್ದನ್ನು ಹರಡಿ, ಸೆರಗನ್ನು ಅವರ ಹೆಗಲಿಗೇರಿಸಿ, ಕನ್ನಡಿ ತಿರುಗಿಸಿಬಿಡುತ್ತಾನೆ. ಕೇಳಿದವರಿಗೆ ತಾವು ಕೇಳಿದ್ದೇನೆಂದು ಆಮೇಲೆ ನೆನಪಿರುವುದಿಲ್ಲ.

ಅವನಿಗೆ ಸಿಟ್ಟು ಬರುವ ಮಾತೂ ಒಂದೇ. ಎಲ್ಲ ಆಗಿ, ಸೀರೆ ಕಟ್ಟುವ ಹೊತ್ತಿಗೆ ಯಾರಾದರೊಬ್ಬ ಅತ್ತೆಯೋ ಚಿಕ್ಕಮ್ಮನೋ, "ಸ್ವಲ್ಪ ಬಾಗಿಲ ಹತ್ರ ತಂದು ಬಿಸಿಲಿಗೆ ಹಿಡೀರಿ ನೋಡುವ" ಎಂದರೆ ಮುಗಿಯಿತು. ಅಂಗಡಿಯ ದೀಪಗಳ ಕೆಳಗೆ ಮಹಾರಾಣಿಯ ಹಾಗಿದ್ದ ಸೀರೆ ಬಾಗಿಲಿಗೆ ಬಂದದ್ದೇ ಜ್ವರ ಬಂದವರ ಹಾಗೆ ಬಿಳಿಚಿಕೊಳ್ಳುತ್ತದೆ. "ಬಣ್ಣ ಅಂದ್ರೆ ಬಣ್ಣ ಅಕ್ಕ, ಒಳಗೊಂದು ಹೊರಗೊಂದು ಉಂಟಾ?" ಎಂದು ಅವನು ನಗುತ್ತಾನೆ. ಮನಸ್ಸಿನಲ್ಲಿ ಬೇರೆಯೇ ಏನೋ ಅನ್ನುತ್ತಾನೆ, ಅದನ್ನಿಲ್ಲಿ ಬರೆಯುವ ಹಾಗಿಲ್ಲ.

ಇಂಥವನ ಮನೆಗೆ ಸಮುದ್ರದ ಮೀನು ಬಂದದ್ದೂ ಸೀರೆಯ ದೆಸೆಯಿಂದಲೇ. ಅಂಗಡಿಯ ಧಣಿಗೆ ಯಾರೋ ಹೇಳಿದರಂತೆ, ಬಾಗಿಲಲ್ಲಿ ಬಣ್ಣದ ಮೀನಿನ ತೊಟ್ಟಿಯಿಟ್ಟರೆ ಜನ ಸೇರುತ್ತಾರೆ ಎಂದು. ಜನ ಸೇರಿದರು, ಸೇರದೆ ಏನು! ಮಕ್ಕಳು ಗಾಜಿಗೆ ಮೂಗು ಒತ್ತಿ ನಿಂತರು, ಮಕ್ಕಳನ್ನು ಕರೆಯಲು ಬಂದ ತಾಯಂದಿರೂ ನಿಂತರು, ಮೀನು ನೋಡಿ ತಣ್ಣಗಾಗಿ ಹಾಗೇ ಬಸ್ಸಿಗೆ ಹೋದರು. ವ್ಯಾಪಾರ ನೆಲ ಕಚ್ಚಿತು. "ಇದನ್ನು ಮೊದಲು ಎತ್ತಿಕೊಂಡು ಹೋಗು ಪುರುಷೋತ್ತಮ" ಎಂದರು ಧಣಿ. ಅಷ್ಟು ದಿನ ಆ ಉಪ್ಪುನೀರಿನ ತೊಟ್ಟಿಯನ್ನು ನೋಡಿಕೊಳ್ಳುತ್ತಿದ್ದವನು ಅವನೊಬ್ಬನೇ. ಪಿಕಪ್ಪಿನಲ್ಲಿ ತೊಟ್ಟಿ, ಕಲ್ಲು, ಪಂಪು, ದೀಪ, ಕಿತ್ತಳೆಗೆ ಬಿಳಿ ಪಟ್ಟೆಯ ಎರಡು ಮೀನು ಎಲ್ಲವೂ ಮಂಜೇಶ್ವರದ ಅವನ ಮನೆಯ ಮುಂದಿನ ಕೋಣೆಗೆ ಬಂದವು.

ಆ ಕೋಣೆ ಹೆಸರಿಗೆ ಅವನದ್ದು, ಹಗಲಿನಲ್ಲಿ ಹೆಂಡತಿ ಹರಿಣಾಕ್ಷಿಯದ್ದು. ಅವಳು ಸೀರೆಗಳಿಗೆ ಫಾಲ್ ಹೊಲಿಯುತ್ತಾಳೆ, ಕುಚ್ಚು ಕಟ್ಟುತ್ತಾಳೆ. ಸೀರೆಯ ತುದಿ ಬಿಚ್ಚದ ಹಾಗೆ ಪಿಕೋ ಮಾಡಲು ಮಾತ್ರ ಯಂತ್ರವಿಲ್ಲ, ಇನ್ನೊಬ್ಬರಲ್ಲಿಗೆ ಕಳಿಸಬೇಕು. ಅದೊಂದು ಯಂತ್ರಕ್ಕೆಂದು ಅವಳು ಆ ಕೋಣೆಯ ಮೂಲೆಯನ್ನು ಎಷ್ಟೋ ವರ್ಷದಿಂದ ಖಾಲಿ ಇಟ್ಟು ಕಾಯುತ್ತಿದ್ದಳು. ತೊಟ್ಟಿ ಬಂದು ಕೂತದ್ದು ಸರಿಯಾಗಿ ಅದೇ ಮೂಲೆಯಲ್ಲಿ. ಪುರುಷೋತ್ತಮ ಮಳೆಗಾಲದ ಆಟಿ ತಿಂಗಳ ಕೆಸರುಗಡಲಿನ ನೀರು ಆಗದೆಂದು ಪ್ಯಾಕೆಟ್ಟಿನ ಉಪ್ಪು ತರಿಸಿ ಬಕೆಟ್ಟಿನಲ್ಲಿ ಕದಡುತ್ತಿದ್ದಾಗ ಅವಳು, "ಸಮುದ್ರದ ನೆಂಟತನ, ಉಪ್ಪಿಗೆ ಬಡತನ" ಎಂದು ಸೂಜಿಗೆ ನೂಲು ಪೋಣಿಸಿದಳು.

ಹುಚ್ಚು ಅಂಟಿತೆಂದರೆ ಅಂಟಿತು. ಮೀನು ಸಾಕುವವರ ವಾಟ್ಸಾಪ್ ಗುಂಪಿಗೆ ಸೇರಿದ ಪುರುಷೋತ್ತಮನ ಕಣ್ಣು ಬಿದ್ದದ್ದು ಫೇರಿ ರಾಸ್ ಎಂಬ ಜಾತಿಯ ಮೇಲೆ. ಬೆರಳುದ್ದದ ಸಪೂರ ಮೀನು. ಗಂಡು, ಮನಸ್ಸು ಬಂದಾಗ, ರೆಕ್ಕೆಗಳನ್ನೆಲ್ಲ ಒಮ್ಮೆಲೇ ಬಿಚ್ಚಿ, ಬಣ್ಣವನ್ನು ಮಿಂಚಿಸಿ, ಹೆಣ್ಣುಗಳ ಮುಂದೆ ಓಡಾಡುತ್ತದೆ. ಆ ವಿಡಿಯೋ ನೋಡಿ ಅವನಿಗೆ ಕಣ್ಣು ತುಂಬಿ ಬಂತು. ಸುಳ್ಳಲ್ಲ. ತಾನು ಜೀವಮಾನವಿಡೀ ಮಾಡಿದ್ದೂ ಅದನ್ನೇ ಅಲ್ಲವೇ? ಬಿಚ್ಚುವುದು, ತೋರಿಸುವುದು, ಒಪ್ಪದಿದ್ದರೆ ಮಡಚುವುದು.

ಗುರುತು ಹಿಡಿಯುವ ವಿದ್ಯೆಯನ್ನೂ ಕಲಿತ. ಹೆಣ್ಣುಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ, ಇಟ್ಟಿಗೆ ಕೆಂಪು, ಬಾಲದ ಬುಡದಲ್ಲಿ ಕಪ್ಪು ಬೊಟ್ಟು. ಜಾತಿ ಹೇಳಬೇಕಾದರೆ ಗಂಡನ್ನೇ ನೋಡಬೇಕು; ಮೈ ಯಾವ ಬಣ್ಣ, ರೆಕ್ಕೆಯ ಅಂಚು ಯಾವುದು, ಬಾಲದ ತುದಿ ಹೇಗೆ. "ಒಡಲು, ಅಂಚು, ಸೆರಗು. ಇಷ್ಟೇ ಮಾರಾಯ್ತಿ, ನಮ್ಮದೇ ಕಸುಬು!" ಎಂದು ಹೆಂಡತಿಗೆ ವಿವರಿಸಿದ. ಅವನ ಮನಸ್ಸು ನಿಂತದ್ದು ನೀಲಿ ಪಕ್ಕೆಯ ಜಾತಿಯ ಮೇಲೆ. ಅದರ ಗಂಡಿನ ಪಕ್ಕೆಯಲ್ಲಿ ಕಡುನೀಲಿ ಇರುತ್ತದೆ, ಬೇರೆ ಯಾವುದರಲ್ಲೂ ಕಾಣದ ನೀಲಿ.

ಕಾಸರಗೋಡು ಪೇಟೆಯಲ್ಲಿ ಬಣ್ಣದ ಮೀನಿನ ಅಂಗಡಿಯಿಟ್ಟ ಜಂಶೀರ್ ಒಂದು ಮಧ್ಯಾಹ್ನ ಫೋನು ಮಾಡಿದ. "ಅಣ್ಣ, ನಿಮ್ಮ ನೀಲಿ ಪಕ್ಕೆ ಬಂದುಂಟು. ಒಂದು ಗಂಡು, ಎರಡು ಹೆಣ್ಣು." ಪುರುಷೋತ್ತಮ ಅರ್ಧ ದಿನ ರಜೆ ಹಾಕಿ ರೈಲು ಹತ್ತಿದ. ಜಂಶೀರನ ಅಂಗಡಿಯೊಳಗೆ ಕತ್ತಲು, ತೊಟ್ಟಿಗಳ ಮೇಲೆ ನೀಲಿ ದೀಪ. ಆ ದೀಪದ ಕೆಳಗೆ ಮೂರರಲ್ಲಿ ದೊಡ್ಡ ಮೀನೊಂದು ಇಡೀ ಮೈ ನೀಲಿಯಾಗಿ ತೇಲುತ್ತಿತ್ತು. ಅಬ್ಬಾ, ಎಂಥ ನೀಲಿ! ಪುರುಷೋತ್ತಮ ಪೂರ್ತಿ ನೋಡಲೂ ಇಲ್ಲ. "ಕಟ್ಟಿಕೊಡು" ಎಂದ.

ದಿನವೂ ಊರಿನವರಿಗೆ ದೀಪದ ಬೆಳಕಿನಲ್ಲಿ ಬಣ್ಣ ಮಾರುವ ಮನುಷ್ಯ, ಬಾಗಿಲಿಗೆ ತಂದು ನೋಡುವುದನ್ನು ಮರೆತ! ಯಾವ ಚಿಕ್ಕಮ್ಮನೂ ಮಾಡದ ತಪ್ಪು.

ಮನೆಯಲ್ಲಿ ಅಂದು ಹರಿಣಾಕ್ಷಿಯ ಅಣ್ಣ ಹರಿನಾಥ ಬಂದಿದ್ದ. ಹೊಸಂಗಡಿಯಲ್ಲಿ ಮೀನೂಟದ ಹೋಟೆಲು ಇಟ್ಟಿದ್ದಾನೆ, ಮೀನಿನ ಬೋಟೊಂದರಲ್ಲಿ ಪಾಲೂ ಉಂಟು. ಭಾವನನ್ನು ತಮಾಷೆ ಮಾಡದಿದ್ದರೆ ಅವನಿಗೆ ಉಂಡದ್ದು ಕರಗುವುದಿಲ್ಲ. ಪುರುಷೋತ್ತಮ ನೀರಿನ ಹದ ಹೊಂದಿಸಿ, ಮೂರೂ ಮೀನುಗಳನ್ನು ಹಳೆಯ ಎರಡರ ಜೊತೆಗೆ ಮೆಲ್ಲಗೆ ತೊಟ್ಟಿಗೆ ಬಿಟ್ಟು, "ನೋಡಿ ಭಾವ, ನೀಲಿ ಪಕ್ಕೆಯ ಗಂಡು!" ಎಂದ. ಪಡುವಣ ಕಿಟಕಿಯಿಂದ ಸಂಜೆಯ ಬಿಸಿಲು ನೇರ ತೊಟ್ಟಿಯ ಮೇಲೆ ಬಿದ್ದಿತ್ತು. ಹೊಸ ಮೂರೂ ಇಟ್ಟಿಗೆ ಕೆಂಪು. ಮೂರರ ಬಾಲದ ಬುಡದಲ್ಲೂ ಕಪ್ಪು ಬೊಟ್ಟು.

ಪುರುಷೋತ್ತಮ ಗಾಜಿಗೆ ಮೂಗು ಒತ್ತಿ ಮತ್ತೊಮ್ಮೆ ಎಣಿಸಿದ.

"ಎಂತ ಭಾವ, ನೀಲಿ ಎಲ್ಲಿ? ರೈಲಿನಲ್ಲೇ ಬಿಟ್ಟು ಬಂದಿರಾ?" ಎಂದ ಹರಿನಾಥ. "ಇದು ನಮ್ಮ ಬಲೆಗೆ ಬಿದ್ರೆ ಬೆಕ್ಕಿಗೆ ಹಾಕ್ತೇವೆ ಮಾರಾಯ್ರೆ."

ಇಲ್ಲಿ "ಹೌದು, ಮೋಸ ಹೋದೆ" ಎಂದಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಬಣ್ಣದ ವಿಷಯದಲ್ಲಿ ಸೋಲೊಪ್ಪಿದ ಅಭ್ಯಾಸ ಅವನಿಗಿಲ್ಲ. "ಪ್ರಯಾಣದ ದಣಿವು ಭಾವ. ಬಣ್ಣ ಇಳಿದದ್ದು. ನಾಲ್ಕು ದಿನ ತಿಂದ್ರೆ ತಿರುಗಿ ಬರ್ತದೆ" ಎಂದ.

"ಬರದಿದ್ರೆ?"

"ಬರ್ತದೆ."

"ಹಾಗಾದ್ರೆ ಕೊಯ್ಲು ಕಳೆದು ಹೊಸಕ್ಕಿ ಊಟ ಮಾಡುವ ದಿನದವರೆಗೆ ವಾಯಿದೆ. ಅವತ್ತು ಹಗಲಿನ ಬೆಳಕಲ್ಲಿ ನೀಲಿ ಕಂಡ್ರೆ, ಮತ್ತೆ ನಿಮಗೆ ಉಪ್ಪು ಕೊಳ್ಳುವ ಕೆಲಸ ಇಲ್ಲ; ಆಳದ ನೀರು ಬೋಟಲ್ಲಿ ತಂದು ನಾನೇ ಹೊತ್ತು ಹಾಕ್ತೇನೆ. ಕಾಣದಿದ್ರೆ ಈ ತೊಟ್ಟಿ ನನ್ನ ಹೋಟೆಲಿಗೆ. ಜೀವದ ಏಡಿ ಬಿಟ್ಟು ಬಾಗಿಲಲ್ಲಿ ಇಡ್ತೇನೆ, ಗಿರಾಕಿ ತೋರಿಸಿದ್ದನ್ನು ಸುಕ್ಕ ಮಾಡುವುದು. ಆ ಮೂಲೆಗೆ ತಂಗಿಗೆ ಪಿಕೋ ಮೆಷಿನು ನನ್ನ ಲೆಕ್ಕದಲ್ಲಿ." ಹರಿನಾಥ ತಂಗಿಯ ಕಡೆ ತಿರುಗಿದ. "ತೀರ್ಪು ನೀನು ಹೇಳು ಮಗಾ."

ಹರಿಣಾಕ್ಷಿ ಕುಚ್ಚಿನ ಗಂಟು ಬಿಗಿಯುತ್ತಾ, "ಆಯ್ತು" ಎಂದಳು. ಅಷ್ಟೇ. ಪಿಕೋ ಯಂತ್ರ ಬೇಕಾದವಳೇ ನ್ಯಾಯಾಧೀಶೆ! ತನ್ನ ತೊಟ್ಟಿಯಲ್ಲಿ ಏಡಿ ನಡೆದಾಡುವುದು ಪುರುಷೋತ್ತಮನಿಗೆ ಆಗಲೇ ಕಂಡಿತು.

ಭಾವ ಅತ್ತ ಹೋದದ್ದೇ ಇವನು ಜಂಶೀರನಿಗೆ ಫೋನು ಹಚ್ಚಿದ. ಅತ್ತ ಕಡೆಯಿಂದ ಉದ್ದದ ಉಸಿರು. "ಅಣ್ಣ, ಬೊಟ್ಟು ಉಂಟಾ? ಹಾಗಾದ್ರೆ ಮೂರೂ ಹೆಣ್ಣೇ. ನನಗೂ ಆ ನೀಲಿ ದೀಪದಲ್ಲಿ ಮೋಸ ಆಯ್ತು. ಆದ್ರೆ ಹೆದರ್ಬೇಡಿ. ಗಂಡಿಲ್ಲದ ಕಡೆ ಇವುಗಳಲ್ಲಿ ದೊಡ್ಡ ಹೆಣ್ಣೇ ಮೆಲ್ಲ ಗಂಡಾಗ್ತದೆ. ಬೇರೆ ಗಂಡು ತಂದು ಬಿಡ್ಬೇಡಿ, ದಿನಕ್ಕೆ ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪ ತಿನ್ನಿಸಿ. ಮೇಲೆ ಬಲೆ ಮುಚ್ಚಿ, ಇದು ಹಾರುವ ಜಾತಿ, ಬೆಳಿಗ್ಗೆ ನೆಲದಲ್ಲಿ ಸಿಕ್ಕೀತು."

"ಹೊಸಕ್ಕಿ ಊಟದೊಳಗೆ ಆಗ್ತದಾ?"

"ಅದು ನನಗೆ ಗೊತ್ತಿಲ್ಲ ಅಣ್ಣ. ಮೀನಿಗೂ ಗೊತ್ತಿರ್ಲಿಕ್ಕಿಲ್ಲ."

ಹೆಣ್ಣು ಗಂಡಾಗುವುದೇ! ಪುರುಷೋತ್ತಮ ದಂಗಾಗಿ ಕೂತ. ಆಮೇಲೆ ಯೋಚಿಸಿದರೆ, ತುಳುನಾಡಿನವನಿಗೆ ಇದರಲ್ಲಿ ಏನು ಹೊಸತು? ಅವನ ಅಜ್ಜಿಯ ಕಾಲಕ್ಕೆ ಮನೆಯ ಹಿರಿಯ ಹೆಂಗಸೇ ಯಜಮಾನ್ತಿ, ಗಂಡಸರು ಉಂಡು ತಲೆಯಾಡಿಸುತ್ತಿದ್ದರು.

ತೊಂದರೆ ಬೇರೆಯೇ ಇತ್ತು. ಬೆಳಿಗ್ಗೆ ಅಂಗಡಿಗೆ ಹೋದವನು ಮರಳುವುದು ದೀಪ ಹಚ್ಚಿದ ಮೇಲೆ. ಮಧ್ಯಾಹ್ನ ತಿನ್ನಿಸುವವರು ಯಾರು? ಪಿಕೋ ಯಂತ್ರದ ಆಸೆಯವಳನ್ನೇ ಕೇಳಬೇಕು. ಗಿರಾಕಿಗಳನ್ನು ಮಾತಿನಲ್ಲಿ ಕಟ್ಟಿಹಾಕುವವನ ನಾಲಗೆ ಮನೆಯಲ್ಲಿ ತಡವರಿಸಿತು. "ನೀನು... ಮಧ್ಯಾಹ್ನ... ಒಂದು ಚಿಟಿಕೆ..."

"ಹಾಕ್ತೇನೆ" ಎಂದಳು ಹರಿಣಾಕ್ಷಿ. "ಬಲೆಯೂ ಹೊಲಿದು ಕೊಡ್ತೇನೆ. ಶಾಲಿನ ನೆಟ್ ಬಟ್ಟೆಯ ತುಂಡು ಉಳಿದದ್ದುಂಟು."

ಇದರಲ್ಲಿ ಏನಾದರೂ ಒಳಸಂಚು ಉಂಟೋ ಎಂದು ಅವನು ಅವಳ ಮುಖ ನೋಡಿದ. ಫಾಲ್ ಹೊಲಿಯುವವಳ ಮುಖ, ಏನೂ ತಿಳಿಯಲಿಲ್ಲ.

ಆ ರಾತ್ರಿಯೇ ಮೊದಲ ಗಾಬರಿ. ತೊಟ್ಟಿಯ ದೀಪ ಆರಿಸಿ ಟಾರ್ಚು ಬಿಟ್ಟರೆ, ದೊಡ್ಡ ಮೀನು ಕಲ್ಲಿನ ಸಂದಿಯಲ್ಲಿ ಮೈಸುತ್ತ ತೆಳ್ಳನೆಯ ಲೋಳೆಯ ಚೀಲದೊಳಗೆ ಬಿದ್ದಿದೆ! "ಸತ್ತಿತು ಮಾರಾಯಾ, ಮೈಗೆ ಪ್ಲಾಸ್ಟಿಕ್ ಸುತ್ತಿದೆ!" ಎಂದು ಮತ್ತೆ ಫೋನು. ಜಂಶೀರ್ ನಗುವುದನ್ನು ನಿಲ್ಲಿಸಿ ಹೇಳಿದ, ಅದು ಮಲಗುವ ಕ್ರಮವೇ ಹಾಗೆ, ಲೋಳೆಯ ಹೊದಿಕೆ ತಾನೇ ಮಾಡಿಕೊಳ್ಳುತ್ತದೆ ಎಂದು. ಕವರು ಹಾಕಿದ ಹೊಸ ಸೀರೆಯ ಹಾಗೆ ಮಲಗಿದ ಮೀನನ್ನು ನೋಡಿ ಪುರುಷೋತ್ತಮ ಮೆಲ್ಲಗೆ ಟಾರ್ಚು ಆರಿಸಿದ. ಇದನ್ನು ತೆಗೆದು ಏಡಿ ಬಿಡುವುದೆಂದರೆ!

ವಾರಗಳು ಹೋದವು. ನಾನು ಈಗ ಹೇಳುವುದನ್ನು ಕೇಳಿದರೆ ಅವನ ಮೇಲೆ ನಿಮಗೆ ಸಿಟ್ಟು ಬಂದೀತು. ಅವನು ತೊಟ್ಟಿಯ ದೀಪವನ್ನು ನೀಲಿಗೆ ತಿರುಗಿಸಿ ಅಲ್ಲೇ ಬಿಟ್ಟ. ಪಡುವಣ ಕಿಟಕಿಗೆ ದಪ್ಪ ಪರದೆ ಹಾಕಿಸಿದ, ಬಿಸಿಲಿಗೆ ನೀರು ಕಾಯುತ್ತದೆ ಎಂಬ ನೆಪ. ರಾತ್ರಿ ಬಂದು ನೀಲಿ ಬೆಳಕಿನಲ್ಲಿ ನೋಡಿದರೆ ಮೀನು ನೀಲಿಯೇ. "ಬಂತು ನೋಡು ಬಣ್ಣ!" ಎನ್ನುವನು. ಭಾನುವಾರ ಹಗಲು ಮನೆಯಲ್ಲಿದ್ದರೂ ಪರದೆ ಸರಿಸುವ ಧೈರ್ಯವಿಲ್ಲ. ಬೊಟ್ಟು ಕಂಡುಬಿಟ್ಟರೆ? ಬಿಸಿಲನ್ನು ಕಂಡರಾಗದವನು ಅಂಗಡಿಯಲ್ಲಿ ಒಬ್ಬನಿದ್ದ, ಈಗ ಮನೆಯಲ್ಲೂ ಒಬ್ಬ. ಚೌತಿ ಬಂತು, ಹೋಯಿತು. ಓಣಂ ಸೇಲು ಮುಗಿಯಿತು. ಪ್ರತಿ ವರ್ಷದ ಹಾಗೆ ಯಾರೂ ಒಪ್ಪದೆ ಉಳಿದ ಸೀರೆಯೊಂದನ್ನು ತಂದು ಹರಿಣಾಕ್ಷಿಗೆ ಕೊಟ್ಟ. ಈ ಸಲ ಬದನೆ ಬಣ್ಣ. ಅವಳು ಪ್ರತಿ ವರ್ಷದ ಹಾಗೆ, "ಲಾಯ್ಕುಂಟು" ಎಂದು ಮಡಚಿ ಒಳಗಿಟ್ಟಳು.

ಹೊಸಕ್ಕಿ ಊಟದ ದಿನ ಹರಿನಾಥ ಬೆಳಿಗ್ಗೆಯೇ ಬಂದ, ಹೆಂಡತಿ ಮಕ್ಕಳ ಜೊತೆಗೆ, ತೊಟ್ಟಿ ಹೊರಲು ಪಿಕಪ್ಪಿನ ಜೊತೆಗೆ. ಹೊಸ ಅಕ್ಕಿಯ ಅನ್ನ, ಪಾಯಸ, ಪಲ್ಯಗಳು. ಆ ದಿನ ಮನೆಯಲ್ಲಿ ಮೀನು ಬೇಯಿಸುವ ಹಾಗಿಲ್ಲ. "ಇವತ್ತು ಮೀನಿಗೆ ನನ್ನಿಂದ ಭಯ ಇಲ್ಲ, ತೊಟ್ಟಿಗೆ ಮಾತ್ರ" ಎಂದು ಹರಿನಾಥ ಎರಡನೇ ಸಲ ಪಾಯಸ ಬಡಿಸಿಕೊಂಡ. ಪುರುಷೋತ್ತಮನಿಗೆ ಹೊಸ ಅಕ್ಕಿಯೂ ಹಳೆ ಅಕ್ಕಿಯೂ ಒಂದೇ ಆಗಿತ್ತು.

ಕೈತೊಳೆದು ಎಲ್ಲರೂ ಮುಂದಿನ ಕೋಣೆಗೆ ಬಂದರು. ತೊಟ್ಟಿಯಲ್ಲಿ ನೀಲಿ ದೀಪ, ನೀಲಿ ಮೀನು. "ನೋಡಿ ಭಾವ" ಎಂದ ಪುರುಷೋತ್ತಮ, ಸ್ವರ ತನಗೇ ಕೇಳದ ಹಾಗೆ.

ಹರಿನಾಥ ಗಹಗಹಿಸಿದ. "ಈ ದೀಪದಲ್ಲಿ ನಾನೂ ನೀಲಿ ಭಾವ! ಸ್ವಲ್ಪ ಬಿಸಿಲಿಗೆ ಹಿಡಿದು ತೋರಿಸಿ."

ಪ್ರಪಂಚದ ಮಾತುಗಳಲ್ಲಿ ಅವನಿಗೆ ಅದೇ ಮಾತು ಹೊಳೆಯಬೇಕೇ! ಪುರುಷೋತ್ತಮ ಬಾಯಿ ತೆರೆಯುವ ಮೊದಲೇ ಭಾವ ದೀಪ ಆರಿಸಿ, ಪರದೆಯನ್ನು ಸರಕ್ಕನೆ ಎಳೆದ. ಮಧ್ಯಾಹ್ನ ದಾಟಿದ ಬಿಸಿಲು ಒಳಗೆ ನುಗ್ಗಿತು. ಬೆದರಿದ ಮೀನು ಮೇಲಕ್ಕೆ ಚಿಮ್ಮಿ, ಹರಿಣಾಕ್ಷಿ ಹೊಲಿದ ಬಲೆಗೆ ಟಪ್ಪೆಂದು ಬಡಿದು, ಕೆಳಗೆ ಬಿದ್ದು, ಕಲ್ಲಿನ ಸಂದಿಗೆ ಹೋಗಿ ಸೇರಿತು. ಬಲೆ ಇಲ್ಲದಿದ್ದರೆ ಅದು ನೆಲದ ಮೇಲಿರುತ್ತಿತ್ತು. ಪುರುಷೋತ್ತಮ ಕಣ್ಣು ಮುಚ್ಚಿಕೊಂಡ.

"ಎಲ್ಲಿ? ಅಡಗಿತಲ್ಲ! ನಾಚಿಕೆ ಆಗ್ತದೆ ಅದಕ್ಕೆ" ಎಂದ ಹರಿನಾಥ. "ಸೋತಿರಿ ಅಂತ ಹೇಳಿ ಭಾವ, ತೊಟ್ಟಿ ಖಾಲಿ ಮಾಡುವ."

"ಅಣ್ಣ, ಸ್ವಲ್ಪ ಆಚೆ ನಿಲ್ಲು" ಎಂದಿತು ಹರಿಣಾಕ್ಷಿಯ ಸ್ವರ.

ಸೀರೆ ನೋಡಲು ಬರುವ ಹೆಂಗಸರಿಗಾಗಿ ಅವಳ ಹೊಲಿಗೆಯ ಜಾಗದಲ್ಲಿ ಒಂದು ನಿಲುಗನ್ನಡಿ ಉಂಟು. ಅದನ್ನು ಅವಳು ಎಳೆದು ತಂದು ತೊಟ್ಟಿಯ ಪಕ್ಕ, ದಿನವೂ ಅದೇ ಕೆಲಸ ಮಾಡಿದವಳ ಹಾಗೆ, ಸರಿಯಾಗಿ ಓರೆಯಾಗಿಟ್ಟಳು. ಸ್ವಲ್ಪ ಹೊತ್ತಿಗೆ ಕಲ್ಲಿನ ಸಂದಿಯಿಂದ ಒಂದು ಮೂತಿ. ಆಮೇಲೆ ಕಣ್ಣು. ಆಮೇಲೆ ಮೀನು ಹೊರಗೆ ಬಂದು, ಕನ್ನಡಿಯಲ್ಲಿ ತನ್ನಂಥದೇ ಇನ್ನೊಂದನ್ನು ಕಂಡು, ಇವನ್ಯಾರು ನನ್ನ ಮನೆಯಲ್ಲಿ ಎಂಬ ಹಾಗೆ ನಿಂತು, ರೆಕ್ಕೆಗಳನ್ನೆಲ್ಲ ಒಮ್ಮೆಲೇ ಬಿಚ್ಚಿತು.

ಬೊಟ್ಟು ಇರಲಿಲ್ಲ. ಇಟ್ಟಿಗೆ ಕೆಂಪು ಇರಲಿಲ್ಲ. ತಲೆ ಹಸಿರು, ಹೊಟ್ಟೆ ಬೆಳ್ಳಗೆ, ಪಕ್ಕೆಯಲ್ಲಿ ಕಡುನೀಲಿ, ಅದೂ ಹಾಡುಹಗಲಿನ ಹಸಿ ಬಿಸಿಲಿನಲ್ಲಿ!

"ಕಣ್ಣು ಬಿಡಿ" ಎಂದಳು ಹರಿಣಾಕ್ಷಿ. "ನೀಲಿ ಉಂಟು."

ಪುರುಷೋತ್ತಮ ಕಣ್ಣು ಬಿಟ್ಟ. ಬಹಳ ಹೊತ್ತು ನೋಡಿದ. ಕೊನೆಗೆ, "ಯಾವಾಗಿನಿಂದ?" ಎಂದು ಕೇಳಿದ.

"ಚೌತಿ ಕಳೆದ ಮೇಲೆ ಶುರು. ದಿನಾ ಮಧ್ಯಾಹ್ನ ಕನ್ನಡಿ ಇಟ್ಟು ನೋಡ್ತೇನೆ."

"ಪರದೆ ಇತ್ತಲ್ಲ?"

"ಹೊಲಿಯಲಿಕ್ಕೆ ಬೆಳಕು ಬೇಡ್ವಾ? ನೀವು ಹೋದ ಮೇಲೆ ತೆಗೀತೇನೆ, ಬರುವ ಮೊದಲು ಹಾಕ್ತೇನೆ."

"ಒಂದು ಮಾತು ಹೇಳ್ಬಹುದಿತ್ತಲ್ಲ ಮಾರಾಯ್ತಿ! ನನ್ನ ಜೀವ ಹೋಗಿತ್ತು."

"ನೀವು ಒಂದು ಸಲ ಪರದೆ ತೆಗೀಬಹುದಿತ್ತು" ಎಂದಳು ಅವಳು.

ಹರಿನಾಥ ಗಂಟಲು ಸರಿಮಾಡಿಕೊಂಡ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. "ಚಂದ ಇದ್ದದ್ದು ಹೌದು. ಆದ್ರೆ ಇಷ್ಟು ಸಣ್ಣ ಮೀನಿಂದ ಎಂತ ಪ್ರಯೋಜನ... ತಂಗೀ, ನಿನ್ನ ಪಿಕೋ ಮೆಷಿನು ಹೋಯ್ತಲ್ಲ? ಯೋಚಿಸಿ ತೀರ್ಪು ಹೇಳು."

"ಹೇಳಿ ಆಯ್ತಲ್ಲ ಅಣ್ಣ. ಏಡಿಗೆ ಬೇರೆ ತೊಟ್ಟಿ ನೋಡು. ನೀರಿನ ಕ್ಯಾನು ಹಿಂದಿನ ಬಾಗಿಲಲ್ಲಿ ತಾ, ನೆಲ ಒದ್ದೆ ಮಾಡ್ಬೇಡ."

ತೊಟ್ಟಿ ಒಯ್ಯಲು ಬಂದ ಪಿಕಪ್ಪು ಖಾಲಿ ಹೋಯಿತು. ಮರುವಾರದಿಂದ ಹರಿನಾಥ ಏದುಸಿರು ಬಿಡುತ್ತಾ ಎರಡೆರಡು ಕ್ಯಾನು ಸಮುದ್ರದ ನೀರು ಹೊತ್ತು ತರುವುದನ್ನು ಇಡೀ ಕೇರಿ ನೋಡಿತು. ತಂದವನು ಕೂಡಲೇ ಹೋಗುವುದೂ ಇಲ್ಲ, ಕನ್ನಡಿ ಇಡಿಸಿ ಮೀನು ನೋಡಿಯೇ ಹೋಗುತ್ತಾನೆ.

ಅದೇ ವಾರ ಒಂದು ಮಧ್ಯಾಹ್ನ ಉಪ್ಪಳದ ಅಂಗಡಿಯಲ್ಲಿ ಬಿಳಿ ಹಾಸಿನ ಮುಂದೆ ಒಬ್ಬರು ಗಿರಾಕಿ ಬಂದು ಕೂತರು. ಪುರುಷೋತ್ತಮ ತಲೆಯೆತ್ತದೆ, "ಬನ್ನಿ ಅಕ್ಕ, ಎಂತ ತೋರಿಸ್ಲಿ?" ಎಂದ. ತಲೆಯೆತ್ತಿದರೆ ಹರಿಣಾಕ್ಷಿ. ಮದುವೆಯಾದ ಮೇಲೆ ಅವಳು ಈ ಅಂಗಡಿಯಲ್ಲಿ ಗಿರಾಕಿಯಾಗಿ ಕೂತದ್ದು ಇದೇ ಮೊದಲು. ಅವಳ ಸೀರೆಗಳೆಲ್ಲ ಊರಿನವರು ಬೇಡವೆಂದವು, ಅವನೇ ತಂದು ಕೊಟ್ಟವು.

"ಆ ಮೀನಿನ ಪಕ್ಕೆಯ ನೀಲಿ" ಎಂದಳು. "ಉಂಟಾ?"

"ಉಂಟು, ಕೂತ್ಕೋ" ಎಂದಿತು ಅವನ ನಾಲಗೆ, ಅಭ್ಯಾಸದಿಂದ. ನವಿಲುನೀಲಿ ಬಿಚ್ಚಿದ. ಶಾಯಿನೀಲಿ ಬಿಚ್ಚಿದ. ರಾಮನೀಲಿ, ಅದಕ್ಕೆ ಜರಿ ಅಂಚು. ಒಂದೊಂದನ್ನೂ ಬಿಚ್ಚಿದವನು, ಅವಳು ಕೇಳುವ ಮೊದಲೇ, ತಾನೇ ಎದ್ದು ಬಾಗಿಲಿಗೆ ಒಯ್ದು ಬಿಸಿಲಿಗೆ ಹಿಡಿದ. ಗಲ್ಲೆಯಲ್ಲಿ ಕೂತ ಧಣಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಹಾಸಿನ ಮೇಲೆ ನೀಲಿಗಳ ರಾಶಿ ಬಿತ್ತು. ಅವಳು ಎಲ್ಲಕ್ಕೂ ತಲೆ ಅಲ್ಲಾಡಿಸಿದಳು. ಅವನಿಗೂ ಗೊತ್ತಿತ್ತು.

ಕಪಾಟು ಖಾಲಿಯಾದ ಮೇಲೆ ಅವನು ಅವಳ ಮುಂದೆ ಬಂದು ಕೂತ. "ಇಲ್ಲ" ಎಂದ. "ಆ ನೀಲಿ ನಮ್ಮಲ್ಲಿ ಇಲ್ಲ ಹರಿಣಾಕ್ಷಿ."

ಅವಳ ಮುಖ ಅರಳಿತು. ಹೊಸ ಸೀರೆ ಕೊಟ್ಟಾಗಲೂ ಅವನು ಆ ಮುಖ ಕಂಡಿರಲಿಲ್ಲ. "ಹಾಗಾದ್ರೆ ಬಂದ ಮೇಲೆ ತಗೊಳ್ತೇನೆ, ಅವಸರ ಇಲ್ಲ" ಎಂದು ಎದ್ದು, ಏನೂ ಕೊಳ್ಳದೆ, ಸರಿಯಾದ ಗಿರಾಕಿಯ ಹಾಗೆ ಬಸ್ಸಿಗೆ ನಡೆದಳು.

"ಎಂತ ಪುರುಷೋತ್ತಮ, ಅಷ್ಟು ಬಿಚ್ಚಿಸಿ ಏನೂ ತಗೊಳ್ಳಲಿಲ್ವಾ?" ಎಂದರು ಧಣಿ.

"ಇಲ್ಲ" ಎಂದ ಪುರುಷೋತ್ತಮ, ನಗುತ್ತಾ, ಮೊದಲ ಸೀರೆಯನ್ನು ಮಡಚಲು ಎತ್ತಿಕೊಂಡ.